ಕಾಟಾ ಕೆಟ್ಟಿಲ್ರೀ

ಎಲ್ಲರಿಗೂ ನಮಸ್ಕಾರ.

ಗಂಗಾವತಿಯ ಈ ವಾಕಿಂಗ್ ಬಳಗದವರು ಕರೆದಾಗ ಸಕ್ಕರೆ ಕಾಯಿಲೆ ಬಗ್ಗೆ ಮಾತಾಡಿದರಾಯಿತು ಅಂದುಕೊಂಡಿದ್ದೆ. ಫೋನ್ ಮಾಡಿದ ಹಿರಿಯರು ಬೇಡ ಅಂದರು. "ಡಾಕ್ಟ್ರಮ್ಮ, ಸಕ್ಕರೆ ಬಗ್ಗೆ ಎಲ್ರೂ ಹೇಳ್ತಾರ್ರಿ. ನಮ್ಮಲ್ಲಿ ಅರ್ಧ ಮಂದಿ ತೂಕ ಎರಡು ತಿಂಗಳಿಂದ ಅಲ್ಲೇ ನಿಂತೈತಿ. ಒಬ್ಬೊಬ್ಬರೇ ಗ್ರೌಂಡಿಗೆ ಬರೋದು ಬಿಡಾಕ ಹತ್ಯಾರ. ಅದಕ್ಕೇನಾದ್ರೂ ಹೇಳ್ರಿ" ಅಂದರು. ಸರಿ, ಅದನ್ನೇ ಮಾತಾಡೋಣ.

ಕಳೆದ ವರ್ಷ ನನ್ನ ಹತ್ತಿರ ಅಕ್ಕಿ ಮಿಲ್ಲಿನ ಗುಮಾಸ್ತರೊಬ್ಬರು ಬರುತ್ತಿದ್ದರು. 92 ಕೆಜಿ ಇದ್ದವರು ನಾಲ್ಕು ತಿಂಗಳಲ್ಲಿ 84ಕ್ಕೆ ಬಂದರು. ಆಮೇಲೆ ಏಳು ವಾರ 84. ಎಂಟನೇ ವಾರ ಸಿಟ್ಟು ಬಂತು. "ನಿಮ್ಮ ಕಾಟಾ ಕೆಟ್ಟೈತ್ರಿ. ನಮ್ಮ ಮಿಲ್ಲಿನ ಕಾಟಾದ ಮ್ಯಾಲೆ ನಿಂತು ನೋಡ್ತೀನಿ" ಅಂತ ಎದ್ದು ಹೋದರು. ನೋಡಿದರಂತೆ. ಅಲ್ಲಿ 200 ಗ್ರಾಂ ಜಾಸ್ತಿ! ಅವರು ಚಪ್ಪಲಿ ಬಿಚ್ಚಿರಲಿಲ್ಲ.

ನಗಬೇಡಿ. ಆ ಏಳು ವಾರದಲ್ಲಿ ಅವರು ಮೊದಲು ಸಂಜೆ ತಿಂಡಿ ಬಿಟ್ಟರು. ಆಮೇಲೆ ರಾತ್ರಿ ರೊಟ್ಟಿ ಬಿಟ್ಟರು. ಆಮೇಲೆ ಮನೆಯಲ್ಲಿ ಎಲ್ಲರ ಮೇಲೆ ರೇಗಾಡೋಕೆ ಶುರು ಮಾಡಿದರು. ಕೊನೆಗೆ ಒಂದು ಸಂಜೆ ಬಂಡಿಯ ಮುಂದೆ ನಿಂತು ಒಂದು ಪ್ಲೇಟ್ ಮಂಡಕ್ಕಿ, ಹತ್ತು ಮಿರ್ಚಿ ತಿಂದು, ಮರುದಿನದಿಂದ ವಾಕಿಂಗನ್ನೇ ನಿಲ್ಲಿಸಿದರು. ಇಲ್ಲಿ ಕೂತವರಲ್ಲಿ ಈ ದಾರಿ ಹಿಡಿಯದವರು ಕಡಿಮೆ ಅನಿಸುತ್ತದೆ.

ಈ ನಿಲುಗಡೆಗೆ ವೈದ್ಯರು ಪ್ಲಾಟೋ ಅನ್ನುತ್ತಾರೆ. ಶಾಲೆಯಲ್ಲಿ ಓದಿದ ಪ್ರಸ್ಥಭೂಮಿಯೇ ಅದು. ದಖ್ಖನ್ ಪ್ರಸ್ಥಭೂಮಿಯ ಮೇಲೇ ಹುಟ್ಟಿ ಬೆಳೆದ ನಾವು ಅದನ್ನು ಕಂಡು ಯಾಕೆ ಇಷ್ಟು ಹೆದರುತ್ತೇವೋ!

ಮಳೆಗಾಲದಲ್ಲಿ ಪೇಪರ್ ಕೈಗೆ ಬಂದ ಕೂಡಲೇ ನಮ್ಮ ಕಡೆ ಜನ ಮೊದಲು ಏನು ನೋಡುತ್ತಾರೆ? ತುಂಗಭದ್ರಾ ಜಲಾಶಯದ ಮಟ್ಟ. ಗರಿಷ್ಠ 1,633 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ತೂಕ ಅಂದರೆ ಆ ಮಟ್ಟ. ತಿನ್ನುವುದು ಒಳಹರಿವು, ದೇಹ ಖರ್ಚು ಮಾಡುವುದು ಹೊರಹರಿವು. ನೀವು ಊಟ ಕಡಿಮೆ ಮಾಡಿದಿರಿ, ಮಟ್ಟ ಇಳಿಯಿತು. ಆದರೆ ಡ್ಯಾಮಿನಲ್ಲಿ ನೀರು ಕಮ್ಮಿಯಾದಾಗ ಏನಾಗುತ್ತದೆ? ನೀರಾವರಿ ಸಲಹಾ ಸಮಿತಿ, ಅದೇ ನಮ್ಮ ಐಸಿಸಿ, ಸಭೆ ಸೇರುತ್ತದೆ. ಕಾಲುವೆಗೆ ಇಷ್ಟೇ ಕ್ಯೂಸೆಕ್, ಇಂತಿಷ್ಟು ದಿನ ಆನ್, ಇಂತಿಷ್ಟು ದಿನ ಆಫ್ ಅಂತ ತೀರ್ಮಾನವಾಗುತ್ತದೆ. ನಿಮ್ಮ ದೇಹದೊಳಗೂ ಅಂಥದೊಂದು ಐಸಿಸಿ ಇದೆ. ಅದರ ಸಭೆಗೆ ನಿಮ್ಮನ್ನು ಕರೆಯುವುದಿಲ್ಲ, ಅಷ್ಟೇ.

ದಾಸ್ತಾನು ಎಷ್ಟಿದೆ ಅಂತ ಮಿದುಳಿಗೆ ವರದಿ ಕೊಡುವುದು ಕೊಬ್ಬೇ. ಲೆಪ್ಟಿನ್ ಅನ್ನುವ ಹಾರ್ಮೋನಿನ ಮೂಲಕ ಕೊಡುತ್ತದೆ. ಇದು ಗೊತ್ತಾಗಿದ್ದು 1994ರಲ್ಲಿ. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಹಸಿವು ಏರುತ್ತದೆ, ಖರ್ಚಿಗೆ ಕಡಿವಾಣ ಬೀಳುತ್ತದೆ. ನೀರು ಕಡಿತವಾದಾಗ ಮೊದಲು ಒಣಗುವವರು ಯಾರು? ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು. ದೇಹದಲ್ಲೂ ಹಾಗೇ. ಹೃದಯಕ್ಕೆ ಕಡಿತ ಮಾಡೋಕಾಗುವುದಿಲ್ಲ. ಸುಮ್ನೆ ಕೂತಾಗ ಕಾಲು ಅಲ್ಲಾಡಿಸುವುದು, ಫೋನ್ ಬಂದಾಗ ಎದ್ದು ಓಡಾಡುತ್ತಾ ಮಾತಾಡುವುದು, ಇಂಥವು ಮೊದಲು ನಿಲ್ಲುತ್ತವೆ. ಮೊದಲು ನೀವೇ ಎದ್ದು ನೀರು ತರುತ್ತಿದ್ದಿರಿ. ಈಗ "ಪುಟ್ಟಾ, ಒಂದು ಚೊಂಬು ನೀರು ತಾ" ಅನ್ನುತ್ತೀರಿ. ಯಾವಾಗಿಂದ ಹಾಗಾಯಿತು ಅಂತ ನಿಮಗೇ ಗೊತ್ತಿರುವುದಿಲ್ಲ.

1944ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು ಒಂದು ಪ್ರಯೋಗ ಶುರು ಮಾಡಿದರು. 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ. ತೂಕ ಕಾಲು ಭಾಗ ಇಳಿಯಿತು. ಆದರೆ ಸುಮ್ಮನೆ ಮಲಗಿದ್ದಾಗ ದೇಹ ಮಾಡುವ ಖರ್ಚು ಸುಮಾರು ಶೇ 40ರಷ್ಟು ಇಳಿಯಿತು. ಬೇಸಿಗೆಯಲ್ಲೂ ಅವರಿಗೆ ಚಳಿ. ಹಗಲೂ ರಾತ್ರಿ ಊಟದ್ದೇ ಯೋಚನೆ, ಕೂತು ಅಡುಗೆ ಪುಸ್ತಕ ಓದುತ್ತಿದ್ದರಂತೆ. ತೂಕ ನಿಂತಾಗ ಊಟವನ್ನು ಇನ್ನೂ ಕತ್ತರಿಸುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಅನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಲೆಕ್ಕ ನಿಮ್ಮ ತಲೆಯಿಂದ ತೆಗೆಯಬೇಕು. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆಜಿ ಅಂತ ಮೊಬೈಲ್ ಆ್ಯಪುಗಳು ಹೇಳುತ್ತವೆ. ಮೊದಮೊದಲು ಹೆಚ್ಚುಕಮ್ಮಿ ಸರಿ. ಹಾಗೇ ಮುಂದುವರಿಸಿ ನೋಡಿ. ವರ್ಷಕ್ಕೆ 26 ಕೆಜಿ, ಮೂರು ವರ್ಷಕ್ಕೆ 78. ಅಂದರೆ 80 ಕೆಜಿ ಇದ್ದ ಮನುಷ್ಯ 2 ಕೆಜಿ ಉಳಿಯುತ್ತಾನೆ! ಹಾಗಾಗುವುದಿಲ್ಲ ಅಲ್ವಾ? ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಊಟ, ವಾಕಿಂಗಿನಿಂದ ತೂಕ ಇಳಿಸುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಇದು ಬರುತ್ತದೆ. ಬೇಗ ಬಂದರೆ ಒಳಹರಿವನ್ನು ಒಮ್ಮೆ ನೋಡಬೇಕು.

ಗುಮಾಸ್ತರು ಮೂರು ವಾರ ಬಿಟ್ಟು ಮತ್ತೆ ಬಂದರು. ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟೆ. ತಿಂದದ್ದೆಲ್ಲ ಬರೆಯಿರಿ, ಆದರೆ ತಿಂದ ಕೂಡಲೇ ಬರೆಯಿರಿ ಅಂದೆ. ರಾತ್ರಿ ಕೂತು ನೆನಪು ಮಾಡಿಕೊಂಡು ಬರೆಯುವುದಲ್ಲ. ನಾಲ್ಕನೇ ದಿನದ ಪುಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಎಲ್ಲ ಚೆನ್ನಾಗಿದೆ. ಆಮೇಲೆ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ: ಚಾ 6. ಮಿಲ್ಲಿಗೆ ಭತ್ತ ತಂದ ರೈತರು ಬಂದಾಗಲೆಲ್ಲ ಅವರ ಜೊತೆ ಒಂದು ಚಾ. ಪ್ರತಿ ಚಾಕ್ಕೆ ಎರಡು ಚಮಚ ಸಕ್ಕರೆ ಅಂದರೆ ದಿನಕ್ಕೆ 12 ಚಮಚ, ಹತ್ತಿರ ಹತ್ತಿರ 200 ಕ್ಯಾಲೊರಿ. ಬೆಳಿಗ್ಗೆ ಅರ್ಧ ಗಂಟೆ ನಡೆದು ಕರಗಿಸಿದ್ದಕ್ಕಿಂತ ಜಾಸ್ತಿ. ಅದರ ಕೆಳಗೆ: ಹುರಿದ ಶೇಂಗಾ, ಒಂದು ಹಿಡಿ. ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂಗೆ 170 ಕ್ಯಾಲೊರಿ. ಅವರ ಹಿಡಿ ಎಷ್ಟು ದೊಡ್ಡದು ಅಂತ ನಾನು ಅಳೆಯಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. 1992ರಲ್ಲಿ ಅಮೆರಿಕದಲ್ಲಿ "ಎಷ್ಟು ಕಡಿಮೆ ತಿಂದರೂ ನಮ್ಮ ತೂಕ ಇಳಿಯಲ್ಲ" ಅಂದವರನ್ನು ಸೇರಿಸಿ ಪರೀಕ್ಷೆ ಮಾಡಿದ್ದರು. ಅವರು ಹೇಳಿದ ಲೆಕ್ಕಕ್ಕಿಂತ ನಿಜವಾಗಿ ತಿಂದದ್ದು ಹೆಚ್ಚುಕಮ್ಮಿ ಎರಡು ಪಟ್ಟು ಇತ್ತು. ಅವರೂ ಬೇಕಂತ ಹೇಳಿದ್ದಲ್ಲ. ನಮ್ಮ ಮನೆಗಳಲ್ಲಿ ಒಗ್ಗರಣೆಗೆ ಎಣ್ಣೆಯನ್ನು ಕ್ಯಾನಿನಿಂದಲೇ ಬಗ್ಗಿಸುತ್ತೇವೆ, ಲೆಕ್ಕ ಎಲ್ಲಿ? ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಎಷ್ಟು ಜನ ಊಟ ಮಾಡುತ್ತೀರಿ ಅಂತ ಭಾಗಿಸಿ ನೋಡಿ. ಅಷ್ಟು ಸಾಕು, ಚಮಚ ಹಿಡಿದು ಕೂರಬೇಕಿಲ್ಲ.

ನೋಟ್‌ಬುಕ್ಕಿನಲ್ಲಿ ಏನೂ ಸಿಗದಿದ್ದರೆ ಥೈರಾಯ್ಡ್ ನೋಡಿಸಿ. ತೆಗೆದುಕೊಳ್ಳುವ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ತೂಕ ಹಿಡಿದು ನಿಲ್ಲಿಸುತ್ತವೆ. ಹಾಗಂತ ಅವನ್ನು ನೀವೇ ನಿಲ್ಲಿಸಬೇಡಿ ಮತ್ತೆ.

ಜಾತ್ರೆ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುತ್ತೀರಿ. ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ, ಪ್ರಸಾದ ಬೇಡ ಅನ್ನೋಕಾಗುತ್ತಾ? ಎರಡು ದಿನ ಬಿಟ್ಟು ಕಾಟಾ ಹತ್ತಿದರೆ ಒಂದೂವರೆ ಕೆಜಿ ಜಾಸ್ತಿ. ಆರು ವಾರದ ಕಷ್ಟ ನೀರಲ್ಲಿ ಹೋಯಿತು ಅನ್ನುತ್ತೀರಿ. ಹೋಗಿಲ್ಲ, ಬಂದಿರುವುದೇ ಬಹುಪಾಲು ನೀರು. ಅನ್ನ, ರೊಟ್ಟಿಯ ಪಿಷ್ಟ ಗ್ಲೈಕೊಜನ್ ಆಗಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂರುತ್ತದೆ. ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಉಪ್ಪು ಇನ್ನಷ್ಟು ಹಿಡಿಯುತ್ತದೆ. ಮಾಮೂಲಿ ಊಟಕ್ಕೆ ಮರಳಿದರೆ ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ನೀವು ಡಯಟ್ ಶುರು ಮಾಡಿದ ಮೊದಲ ವಾರ ಸರಸರ ಇಳಿದಿದ್ದೂ ಇದೇ ನೀರು. ಆಗ ಮಾತ್ರ ಯಾರೂ ಕಾಟಾ ಕೆಟ್ಟಿದೆ ಅನ್ನಲಿಲ್ಲ.

ಈಗ ನನ್ನ ಕಥೆ. ನಾನು 78ರಿಂದ 71ಕ್ಕೆ ಬಂದು ಒಂಬತ್ತು ವಾರ ಅಲ್ಲೇ ನಿಂತೆ. ಎಲ್ಲರಿಗೂ ಧೈರ್ಯ ಹೇಳುವ ಡಾಕ್ಟರು ದಿನಕ್ಕೆ ಮೂರು ಸಲ ಕಾಟಾ ಹತ್ತುತ್ತಿದ್ದೆ. ಒಂದು ಭಾನುವಾರ ತಂಗಿಯ ಜೊತೆ ಅಂಜನಾದ್ರಿಗೆ ಹೊರಟೆ. ಏನು ಹೊಳೆಯಿತೋ, ಇಳಿಸಿದ ಏಳು ಕೆಜಿಯನ್ನು ತೂಗಿ, ಸೋನಾ ಮಸೂರಿ ಅಕ್ಕಿಯನ್ನೇ ಬೆನ್ನಿನ ಚೀಲಕ್ಕೆ ಹಾಕಿಕೊಂಡೆ. ತಂಗಿ "ಅಕ್ಕಾ, ಹುಚ್ಚು ಹಿಡಿದೈತೇನು, ಗಾಡಿಯಾಗ ಇಡು ಅದನ್ನ" ಅಂದಳು. 575 ಮೆಟ್ಟಿಲು. ನೂರಕ್ಕೇ ಉಸಿರು ಹಿಡಿಯಿತು, ಮುನ್ನೂರಕ್ಕೆ ಮೊಣಕಾಲು ಮಾತಾಡತೊಡಗಿತು. ಒಂದು ತಿರುವಿನಲ್ಲಿ ಕೂತು ಚೀಲ ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಕೋತಿ ಬಂತು. ಚೀಲದ ಬಾಯಿ ಹರಿದು ಅಕ್ಕಿ ಮೆಟ್ಟಿಲ ಮೇಲೆಲ್ಲ ಸುರಿಯಿತು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು "ಹನುಮಪ್ಪನೇ ಬಂದು ಇಳಿಸಿಕೊಂಡಾನ ಬಿಡವ್ವಾ" ಅಂದರು.

ಉಳಿದ ಮೆಟ್ಟಿಲು ಖಾಲಿ ಬೆನ್ನಿನಲ್ಲಿ ಹತ್ತಿದೆ. ಎಷ್ಟು ಹಗುರ! ಆಗ ಎರಡು ವಿಷಯ ಒಟ್ಟಿಗೇ ತಲೆಗೆ ಹೋದವು. ಈ ಭಾರವನ್ನು ನಾನು ವರ್ಷಗಟ್ಟಲೆ ಮಲಗುವಾಗಲೂ ಇಳಿಸದೆ ಹೊತ್ತಿದ್ದೆ. ಇನ್ನೊಂದು, ಹೊರುವ ಭಾರ ಕಡಿಮೆಯಾದರೆ ಅದೇ ದಾರಿಗೆ ಸುಡುವ ಎಣ್ಣೆಯೂ ಕಡಿಮೆ. ಲೋಡ್ ಇಳಿಸಿದ ಲಾರಿಗೆ ಅಷ್ಟೇ ಡೀಸೆಲ್ ಬೇಕಾಗುತ್ತದಾ? ಒಂಬತ್ತು ವಾರ ನನ್ನ ತೂಕ ನಿಂತಿದ್ದಕ್ಕೆ ಅರ್ಧ ಉತ್ತರ ಆ ಮೆಟ್ಟಿಲ ಮೇಲೆ ಚೆಲ್ಲಿಕೊಂಡು ಬಿದ್ದಿತ್ತು.

ಮರುದಿನದಿಂದ ಕಾಟಾ ವಾರಕ್ಕೊಮ್ಮೆ ಮಾಡಿದೆ. ಸೋಮವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬರೆದಿಟ್ಟು ಮರೆತುಬಿಡುವುದು. ಬದಲಿಗೆ ಟೇಲರ್ ಟೇಪು ಹಿಡಿದೆ. ನಮ್ಮ ಜನಕ್ಕೆ ಸೊಂಟದ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕ ನಿಂತ ಆ ದಿನಗಳಲ್ಲೂ ನನ್ನ ಸೊಂಟ ಎರಡು ಸೆಂಟಿಮೀಟರ್ ಇಳಿಯಿತು. ವಾರಕ್ಕೆ ಎರಡು ದಿನ ಭಾರ ಎತ್ತುವುದನ್ನೂ ಶುರು ಮಾಡಿದೆ. ಜಿಮ್ ಏನಿಲ್ಲ, ನೀರು ತುಂಬಿದ ಎರಡು ಕ್ಯಾನು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳೋಕೆ ಎತ್ತುವ ಕೆಲಸ ಬೇಕು, ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು. ನಮ್ಮ ಕಡೆ ತಟ್ಟೆ ತುಂಬ ಅನ್ನ, ಮೂಲೆಯಲ್ಲಿ ತಿಳಿಸಾರು. ಕಾಲುವೆ ಬಂದ ಮೇಲೆ ನಮಗೆ ಅಂಟಿದ ಚಟ ಇದು.

ತೂಕ ಇಳಿಯದಿದ್ದರೆ ನಡೆದು ಏನು ಲಾಭ ಅನ್ನುವವರಿಗೆ ಚೆನ್ನೈನ ಒಂದು ಅಧ್ಯಯನ ಹೇಳುತ್ತೇನೆ. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದ್ದು, 2006ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನ. ಸುಮ್ಮನೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷಕ್ಕೆ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ ಸರಿಮಾಡಿಕೊಂಡು ನಡೆದವರಲ್ಲಿ 39. ಇದರಲ್ಲಿ ನನಗೆ ಇಷ್ಟವಾದದ್ದು ಏನು ಗೊತ್ತಾ? ನಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಕಾಟಾ ನೋಡಿ ತೀರ್ಮಾನ ಮಾಡಿದ್ದರೆ ಅವರೆಲ್ಲ ಮೊದಲ ವರ್ಷವೇ ಮನೆಗೆ ಹೋಗಿರುತ್ತಿದ್ದರು.

ತೂಕ ಇಳಿಸುವ ಹೊಸ ಇಂಜೆಕ್ಷನ್ ಬಗ್ಗೆ ಕೇಳುತ್ತೀರಿ, ಗೊತ್ತು. ಕೆಲವರಿಗೆ ನಿಜಕ್ಕೂ ಬೇಕಾಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಅಂಥ ಒಂದು ಇಂಜೆಕ್ಷನ್, ಸೆಮಾಗ್ಲುಟೈಡ್, ತೆಗೆದುಕೊಂಡವರ ತೂಕವೂ ವರ್ಷ ದಾಟುವ ಹೊತ್ತಿಗೆ ನಿಲ್ಲುತ್ತದೆ. ಬಿಟ್ಟವರಲ್ಲಿ ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂದಿದೆ. ಅಲ್ಲೂ ಅದೇ ಐಸಿಸಿ.

ಗುಮಾಸ್ತರು ಹೋದ ವಾರ ಬಂದಿದ್ದರು. ಚಾ ಮೂರಕ್ಕೆ ಇಳಿದಿದೆ, ಸಕ್ಕರೆ ಇಲ್ಲದ್ದು. 82.6ಕ್ಕೆ ಬಂದು ಮತ್ತೆ ನಿಂತಿದ್ದಾರೆ, ಹತ್ತು ವಾರವಾಯಿತು. ಬಿಪಿ ಮಾತ್ರೆ ಅರ್ಧಕ್ಕೆ ಇಳಿಸಿದೆ. ಬಾಗಿಲ ಹತ್ತಿರ ಹೋಗಿ ತಿರುಗಿ ಹೇಳಿದರು: "ಮಿಲ್ಲಿನ ಕಾಟಾ ಇನ್ನೂ 200 ಗ್ರಾಂ ಜಾಸ್ತಿ ತೋರಸ್ತೈತ್ರಿ ಡಾಕ್ಟ್ರಮ್ಮ. ಈ ಸಲ ಚಪ್ಪಲಿ ಬಿಚ್ಚೇ ನಿಂತಿದ್ದೆ."

ಈಗ ನೀವು ಕೇಳಿ. ಹಿಂದೆ ಉಪ್ಪಿಟ್ಟಿನ ವಾಸನೆ ಬರುತ್ತಿದೆ, ಅದಕ್ಕೆ ಎಷ್ಟು ಎಣ್ಣೆ ಹಾಕಿದ್ದಾರೆ ಅನ್ನುವ ಪ್ರಶ್ನೆ ಮಾತ್ರ ಬೇಡ.