3 ಸೆಂಟಿಮೀಟರ್ ಆನೆಗೆ 3 ಟನ್ ಭಾರ ಬರುವುದು ಹೇಗೆ? ಕಬಿನಿ ಹಿನ್ನೀರಿನ ಡಯೋರಾಮಾ

(ಕ್ಲೋಸಪ್: ಕಂದು ನೀರಿನ ಅಂಚು. ಒಂದು ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಮರಿ. ಕ್ಯಾಮೆರಾ ಹಿಂದೆ ಸರಿದಾಗ ಪಕ್ಕದಲ್ಲಿ ಬೆಂಕಿಕಡ್ಡಿ ಕಾಣುತ್ತದೆ.)

ನಮಸ್ಕಾರ. ಇದು ಡಯೋರಾಮಾ, ಅಂದರೆ ಒಂದು ಜಾಗದ ದೃಶ್ಯವನ್ನು ಮಾದರಿಗಳಿಂದ ಕಟ್ಟಿ ತೋರಿಸುವುದು. ಇದರಲ್ಲಿನ ಈ ಆನೆ ಬೆಂಕಿಕಡ್ಡಿಗಿಂತ ಗಿಡ್ಡ. ಭುಜದವರೆಗೆ ಅಳೆದರೆ 33 ಮಿಲಿಮೀಟರ್. ಮರಿ ಇನ್ನೂ ಚಿಕ್ಕದು, 12 ಮಿಲಿಮೀಟರ್.

ನಾನು ಮೊದಲು ಮಾಡಿದ ಆನೆಗೆ ಮೂರು ರಾತ್ರಿ ಕೂತು ಚರ್ಮದ ಸುಕ್ಕುಗಳನ್ನು ಸೂಜಿಯಲ್ಲಿ ಕೊರೆದಿದ್ದೆ. ಫೋಟೋ ತೆಗೆದು ನೋಡಿದರೆ ಅದು ಆಟದ ಸಾಮಾನಿನ ಹಾಗೇ ಕಾಣುತ್ತಿತ್ತು. ತುಂಬಾ ದಿನ ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು: ಸುಕ್ಕು ಇತ್ತು, ಭಾರ ಇರಲಿಲ್ಲ. ಇವತ್ತಿನ ವಿಡಿಯೋ ಪೂರ್ತಿ ಆ ಭಾರದ ಬಗ್ಗೆ.

ಮೊದಲು ಜಾಗ. ಕಬಿನಿಗೆ 1974ರಲ್ಲಿ ಅಣೆಕಟ್ಟು ಬಂತು. ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಅಂಚಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಮುಳುಗಿ ಸತ್ತ ಮರಗಳ ಬೋಳು ಕಾಂಡಗಳು ನೀರಿನ ಮಧ್ಯೆ ಇನ್ನೂ ನಿಂತಿವೆ. ಡಯೋರಾಮಾ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನನ್ನ ಅಳತೆ 72ಕ್ಕೆ 1. ಅಂದರೆ ನಿಜದ 72 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಈ ಲೆಕ್ಕ ಸದಾ ತಲೆಯಲ್ಲಿರಲಿ. ಒಂದು ಮಿಲಿಮೀಟರ್ ಮರಳಿನ ಕಾಳು ಇಲ್ಲಿ ಏಳು ಸೆಂಟಿಮೀಟರ್ ಕಲ್ಲಾಗುತ್ತದೆ! ಬೊಂಬೆ ಹಬ್ಬದಲ್ಲಿ ಹೊಲ, ಪಾರ್ಕ್ ಮಾಡಲು ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ರಾಗಿ ಪೈರು ಬೆಳೆಸುತ್ತಿದ್ದೆವು. ನೋಡಲು ಎಷ್ಟು ಚೆಂದ ಅಲ್ವಾ? ಆದರೆ ಐದು ಸೆಂಟಿಮೀಟರ್ ಪೈರು ಈ ಅಳತೆಯಲ್ಲಿ 3.6 ಮೀಟರ್. ಆನೆಯೇ ಮುಳುಗಿಹೋಗುತ್ತದೆ. ಹಾಗಾಗಿ ಇಲ್ಲಿ ಗೋಣಿ ದಾರವನ್ನು ಹಸಿರು ಬಣ್ಣದಲ್ಲಿ ಅದ್ದಿ, ಒಣಗಿಸಿ, ಒಂದೆರಡು ಮಿಲಿಮೀಟರ್‌ಗೆ ಕತ್ತರಿಸಿದ್ದೇನೆ. ನೀರಿನ ಅಂಚಿಗೆ ಇನ್ನೂ ಸಣ್ಣದು ಬೇಕು. ಅಲ್ಲಿಗೆ ಜರಡಿ ಹಿಡಿದ ಮರದ ಪುಡಿ ಸಾಕು.

(ಮೇಜಿನ ಮೇಲೆ: ಕಟ್ಟು ತಂತಿ, ಅಲ್ಯೂಮಿನಿಯಂ ಫಾಯಿಲ್, ಎಂ-ಸೀಲ್, ಹಲ್ಲುಕಡ್ಡಿ, ಸೂಜಿ, ನೀರಿನ ಬಟ್ಟಲು.)

ಈಗ ಆನೆ. ಕಟ್ಟಡದವರು ಕಂಬಿ ಕಟ್ಟುವ ತಂತಿ ಇದೆಯಲ್ಲ, ಅದರಲ್ಲಿ ಬೆನ್ನು, ನಾಲ್ಕು ಕಾಲು, ಸೊಂಡಿಲು ಬಾಗಿಸಿಕೊಳ್ಳಿ. ಕಾಲಿನ ತಂತಿ ಪಾದದ ಕೆಳಗೆ ಒಂದು ಸೆಂಟಿಮೀಟರ್ ಉಳಿಯಲಿ, ಆಮೇಲೆ ನೆಲಕ್ಕೆ ಚುಚ್ಚಲು ಬೇಕು. ಹೊಟ್ಟೆಗೆ ಫಾಯಿಲ್ ಉಂಡೆ ಕಟ್ಟಿ. ಎಂ-ಸೀಲಿನ ಎರಡೂ ಭಾಗಗಳನ್ನು ಸಮ ಸಮ ತೆಗೆದುಕೊಂಡು, ಎರಡು ಬಣ್ಣದ ಗೆರೆ ಕಾಣದ ಹಾಗೆ ನಾದಿ. ಗ್ಲೌಸ್ ಹಾಕಿಕೊಂಡೇ ನಾದಿ, ಕೆಲವರ ಚರ್ಮಕ್ಕೆ ಇದು ಆಗುವುದಿಲ್ಲ. ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಗೋಲಿಯಷ್ಟೇ ಕಲಸಿ. ಬೆರಳಿಗೆ ಅಂಟಿದರೆ ನೀರು ಮುಟ್ಟಿಸಿ. ಮೊದಲ ಪದರ ಬರೀ ಆಕಾರಕ್ಕೆ. ಅದು ಗಟ್ಟಿಯಾದ ಮೇಲೆ ಎರಡನೆಯ ಪದರ.

ಇಲ್ಲಿ ಸ್ವಲ್ಪ ನಿಲ್ಲೋಣ. ಭಾರ ಹುಟ್ಟುವುದು ಇಲ್ಲೇ.

ನಮ್ಮ ಆನೆಯ ಬೆನ್ನು ಮೇಲಕ್ಕೆ ಉಬ್ಬಿರುತ್ತದೆ. ಆಫ್ರಿಕಾದ ಆನೆಯದು ನಡುವೆ ತಗ್ಗು. ನಮ್ಮದಕ್ಕೆ ತಲೆಯ ಮೇಲೆ ಎರಡು ಉಬ್ಬು, ಕಿವಿ ಚಿಕ್ಕದು. ವಯಸ್ಸಾದ ಹಾಗೆ ಕಿವಿಯ ಮೇಲಂಚು ಮಡಚಿಕೊಳ್ಳುತ್ತದೆ. ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗೆ ಆ ಮಡಿಕೆಯನ್ನು ಮರೆಯಬೇಡಿ.

ಕಾಲುಗಳಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಹಸು ಮಾಡಿ ಅಭ್ಯಾಸವಾದ ಕೈ ಹಿಂಗಾಲನ್ನು ಹಿಂದಕ್ಕೆ ಮುರಿದುಬಿಡುತ್ತದೆ. ಆನೆಯ ಹಿಂಗಾಲಿನ ಮಂಡಿ ಕೆಳಗಿದೆ, ನಮ್ಮ ಮಂಡಿಯ ಹಾಗೆ ಮುಂದಕ್ಕೆ ಮಡಚುತ್ತದೆ. ಮುಂಗಾಲು ಕಂಬದ ಹಾಗೆ ನೇರ. ಜಾಸ್ತಿ ಭಾರ ಹೊರುವುದೂ ಅವೇ.

ಇನ್ನು ಪಾದ. ಆನೆಯ ಪಾದದೊಳಗೆ ಮೆತ್ತನೆಯ ದಿಂಬಿನಂಥದ್ದು ಇದೆ. ಊರಿದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಸಣ್ಣಗಾಗುತ್ತದೆ. ನಡೆಯುತ್ತಿರುವ ಆನೆ ಮಾಡುತ್ತಿದ್ದರೆ ಊರಿದ ಮೂರು ಪಾದಗಳನ್ನು ಒಂದು ಕೂದಲೆಳೆ ಅಗಲ ಮಾಡಿ. ಎತ್ತಿದ ಪಾದವನ್ನು ಸ್ವಲ್ಪ ಕಿರಿದು ಮಾಡಿ. ಇಷ್ಟೇ ಸಾಕು. ನೋಡುವವರಿಗೆ ಯಾಕೆ ಅಂತ ಗೊತ್ತಾಗದಿದ್ದರೂ, ಇದು ತೂಕದ ಪ್ರಾಣಿ ಅಂತ ಕಣ್ಣು ನಂಬುತ್ತದೆ.

ಸುಕ್ಕು? ಬೇಡ. ಒಂದು ಸೆಂಟಿಮೀಟರ್ ಮಡಿಕೆ ಈ ಅಳತೆಯಲ್ಲಿ 0.14 ಮಿಲಿಮೀಟರ್. ಅದನ್ನು ಬಣ್ಣದಲ್ಲಿ ತೋರಿಸೋಣ.

ಕಾರ್ಲ್ ಅಕೇಲಿ ಅಂತ ಒಬ್ಬರಿದ್ದರು. 1890ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮ್ಯೂಸಿಯಂಗೆ ಡಯೋರಾಮಾ ಮಾಡಿದವರು. ಚರ್ಮದೊಳಗೆ ಹುಲ್ಲು ತುರುಕುವ ಕಾಲದಲ್ಲಿ ಅವರು ಮೊದಲು ಪ್ರಾಣಿಯ ಮಾಂಸಖಂಡಗಳನ್ನು ಮಣ್ಣಿನಲ್ಲಿ ರೂಪಿಸುತ್ತಿದ್ದರು. ಚರ್ಮ ಆಮೇಲೆ. ನಮಗೂ ಅದೇ ಕ್ರಮ. ಮೈಸೂರಿಗೆ ಹೋದರೆ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿನ ಡಯೋರಾಮಾಗಳ ಮುಂದೆ ನಿಧಾನವಾಗಿ ನಿಲ್ಲಿ.

ಬಣ್ಣಕ್ಕೆ ಬರೀ ಬೂದು ಬಳಿದರೆ ಆನೆ ಸತ್ತಂತೆ ಕಾಣುತ್ತದೆ. ಮೊದಲು ಗಾಢ ಕಂದು-ಬೂದು. ಒಣಗಿದ ಮೇಲೆ ಬ್ರಷ್‌ನಲ್ಲಿ ಬಣ್ಣ ಇದ್ದೂ ಇಲ್ಲದ ಹಾಗೆ ಒರೆಸಿಕೊಂಡು, ಮೈಮೇಲೆ ಮೆಲ್ಲಗೆ ಸವರಿ. ಆನೆ ಮಣ್ಣನ್ನು ಮೈಗೆ ಎರಚಿಕೊಳ್ಳುತ್ತದೆ, ಆದ್ದರಿಂದ ಅದರ ಮೇಲ್ಬಣ್ಣ ನಿಮ್ಮ ನೆಲದ ಬಣ್ಣವೇ ಆಗಿರಬೇಕು. ಕಿವಿಯ ಅಂಚಿಗೆ, ಸೊಂಡಿಲಿನ ಬುಡಕ್ಕೆ ತಿಳಿ ಗುಲಾಬಿ ಚುಕ್ಕೆ. ನೀರಿನಿಂದ ಎದ್ದು ಬಂದ ಆನೆಯಾದರೆ ಕಾಲಿನ ಕೆಳಭಾಗ ಒದ್ದೆ, ಅಂದರೆ ಗಾಢ. ಆ ಗೆರೆ ನಾಲ್ಕೂ ಕಾಲಿಗೆ ಒಂದೇ ಎತ್ತರದಲ್ಲಿರಲಿ.

ನೆಲಕ್ಕೆ ಥರ್ಮಾಕೋಲ್. ಅದರ ಮೇಲೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಕಾಗದ ಎರಡು ಪದರ ಹಾಕಲೇಬೇಕು. ಒಮ್ಮೆ ನಾನು ಅದನ್ನು ಹಾಕದೆ, ನೀರಿನ ಹಾಗೆ ಕಾಣಲು ಸುರಿಯುವ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಅನ್ನು ಒಂದೇ ಸಲ ದಪ್ಪಗೆ ಸುರಿದೆ. ರೆಸಿನ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಕೆಳಗಿನ ಥರ್ಮಾಕೋಲ್ ಕರಗಿ, ಕೆರೆಯೇ ಕುಸಿಯಿತು. ಎರಡು ವಾರದ ಕೆಲಸ ಹೋಯಿತು. ಈಗ ಎರಡೆರಡು ಮಿಲಿಮೀಟರ್ ಮಾತ್ರ ಸುರಿಯುತ್ತೇನೆ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಆಳ ಕಾಣುವುದು ತಳದ ಬಣ್ಣದಿಂದ: ಅಂಚಿಗೆ ಕೆಸರಿನ ಕಂದು, ನಡುವೆ ಕಪ್ಪು ಹಸಿರು. ಬೋಳು ಮರಗಳಿಗೆ ಒಣಗಿದ ಕಡ್ಡಿಗಳನ್ನು ರೆಸಿನ್ ಸುರಿಯುವ ಮೊದಲೇ ನೆಡಿ.

ಅಂಚಿನ ಕೆಸರು ಹಸಿ ಇರುವಾಗಲೇ ಆನೆಯನ್ನು ಒತ್ತಿ ನಿಲ್ಲಿಸಿ. ಪಾದ ಅರ್ಧ ಮಿಲಿಮೀಟರ್ ಹೂತುಹೋಗಲಿ, ಸುತ್ತ ಸ್ವಲ್ಪ ಮಣ್ಣು ಉಬ್ಬಲಿ. ಹಿಂದೆ ನಡೆದು ಬಂದ ಹೆಜ್ಜೆಗಳನ್ನೂ ಒತ್ತಿ.

(ಇಕ್ಕುಳದ ತುದಿಯಲ್ಲಿ ಬಿಳಿ ಚುಕ್ಕೆ.)

ಇದು ಬೆಳ್ಳಕ್ಕಿ. ಏಳು ಮಿಲಿಮೀಟರ್. ಸಣ್ಣ ತಂತಿ ಬಾಗಿಸಿ, ಎರಡು ಹನಿ ಫೆವಿಕಾಲ್ ಒಣಗಿಸಿ, ಬಿಳಿ ಬಳಿದೆ. ಆನೆ ಮೇಯುವಾಗ ಹುಲ್ಲಿನಿಂದ ಏಳುವ ಹುಳುಗಳಿಗಾಗಿ ಬೆಳ್ಳಕ್ಕಿ ಅದರ ಕಾಲ ಬುಡದಲ್ಲೇ ಓಡಾಡುತ್ತದೆ. ಇಲ್ಲಿ, ಮುಂಗಾಲಿನ ಪಕ್ಕ ಇಡೋಣ. ನೋಡಿ, ಆನೆ ಈಗ ಎಷ್ಟು ದೊಡ್ಡದಾಯಿತು!

ಕೊನೆಯ ಪದರದ ರೆಸಿನ್ ಸುರಿದಿದ್ದೇನೆ. ಧೂಳು ಕೂರದ ಹಾಗೆ ದೊಡ್ಡ ಪಾತ್ರೆ ಕವುಚಿ ಹಾಕುತ್ತೇನೆ. ನಾಳೆ ಬೆಳಿಗ್ಗೆವರೆಗೂ ಮುಟ್ಟುವ ಹಾಗಿಲ್ಲ.

(ಸ್ಟೀಲ್ ಪಾತ್ರೆ ನಿಧಾನವಾಗಿ ಇಳಿಯುತ್ತದೆ.)