ಬುರುಡೆ ಕರ್ನಲ್ಲನ ಕಾರ್ಖಾನೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ನನ್ನ ಕಥಾನಾಯಕನ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ: ಕರ್ನಲ್ ಹೀಜಾ ಲಯರ್. ಸ್ವಲ್ಪ ಬೇಗ ಹೇಳಿ ನೋಡಿ, ‘ಹೀ ಈಸ್ ಎ ಲಯರ್’, ಅಂದರೆ ‘ಇವನೊಬ್ಬ ಸುಳ್ಳುಗಾರ’ ಅಂತಲೇ ಕೇಳಿಸುತ್ತದೆ. ನಾನಂತೂ ಇವನನ್ನು ಬುರುಡೆ ಕರ್ನಲ್ ಅಂತಲೇ ಕರೆಯುವುದು. ಗಿಡ್ಡ ಆಳು, ಬೋಳುತಲೆ, ವಯಸ್ಸಾಗಿದೆ, ಕಣ್ಣು ಮಂದ. ಆದರೆ ಬಾಯಿ ತೆರೆದನೆಂದರೆ ಆಫ್ರಿಕಾದ ಸಿಂಹಗಳೆಲ್ಲ ಬಂದು ಇವನ ಕಾಲಿಗೆ ಬೀಳಬೇಕು. ಒಲೆ ಮುಂದೆ ಪೌರುಷ ಕೊಚ್ಚುವ ಉತ್ತರಕುಮಾರ ನಮಗೆಲ್ಲ ಗೊತ್ತು. ಅವನಿಗಾದರೆ ಬೃಹನ್ನಳೆ ಸಿಕ್ಕಿದಳು, ಹೆಸರು ಉಳಿಯಿತು. ಈ ಕರ್ನಲ್‌ಗೆ ಯಾರೂ ಸಿಗಲಿಲ್ಲ.

ಇವನು ತೆರೆಗೆ ಬಂದದ್ದು 1913ರ ನವೆಂಬರಿನಲ್ಲಿ, ‘ಕರ್ನಲ್ ಹೀಜಾ ಲಯರ್ ಇನ್ ಆಫ್ರಿಕಾ’ ಎಂಬ ಮೂಕಿ ಕಾರ್ಟೂನಿನಲ್ಲಿ. ಬರೆದವನು ನ್ಯೂಯಾರ್ಕಿನ ಜಾನ್ ರಾಂಡಾಲ್ಫ್ ಬ್ರೇ, ಹಂಚಿದ್ದು ಪಾಥೇ ಕಂಪನಿ. ಆಗಿನ ಅಮೆರಿಕದ ಪ್ರೇಕ್ಷಕನಿಗೆ ‘ಕರ್ನಲ್’, ‘ಆಫ್ರಿಕಾ’ ಎಂಬ ಎರಡು ಮಾತು ಸಾಕಿತ್ತು, ಯಾರನ್ನು ಗೇಲಿ ಮಾಡುತ್ತಿದ್ದಾರೆಂದು ತಿಳಿಯುತ್ತಿತ್ತು. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಅಧ್ಯಕ್ಷ ಪದವಿಯಿಂದ ಇಳಿದವರೇ ಬಂದೂಕು ಹಿಡಿದು ಆಫ್ರಿಕಾಗೆ ಬೇಟೆಗೆ ಹೋಗಿದ್ದರು. 1912ರಲ್ಲಿ ಮತ್ತೆ ಚುನಾವಣೆಗೆ ನಿಂತು ಸೋತರು. ಕರ್ನಲ್ ತೆರೆಗೆ ಬಂದಾಗ ಅವರು ದಕ್ಷಿಣ ಅಮೆರಿಕದಲ್ಲಿ ಇನ್ನೊಂದು ಸಾಹಸಯಾತ್ರೆಯಲ್ಲಿದ್ದರು. ಜನ ಅವರನ್ನು ಕರೆಯುತ್ತಿದ್ದದ್ದೇ ಕರ್ನಲ್ ಅಂತ. ಅವರ ಛಾಯೆಗೆ ಜರ್ಮನಿಯ ಬುರುಡೆ ಬ್ಯಾರನ್ ಮುಂಚೌಸೆನ್‌ನ ಬಾಯಿ ಸೇರಿಸಿದರೆ ನಮ್ಮ ಮುದುಕ ತಯಾರು. ಒಂದು ತಮಾಷೆ ಗಮನಿಸಿ. ಸಿನಿಮಾಕ್ಕೆ ಬರುವ ಮೊದಲು ಬ್ರೇ ‘ಜಡ್ಜ್’ ಎಂಬ ಹಾಸ್ಯಪತ್ರಿಕೆಗೆ ಟೆಡ್ಡಿ ಕರಡಿಗಳ ಚಿತ್ರಕಥೆ ಬರೆಯುತ್ತಿದ್ದ. ಟೆಡ್ಡಿ ಎಂಬ ಹೆಸರೂ ರೂಸ್‌ವೆಲ್ಟರದೇ. ಹಾಗಾಗಿ ಈ ಮನುಷ್ಯನಿಗೆ ಒಬ್ಬನೇ ರಾಜಕಾರಣಿ ಎರಡು ಸಲ ಅನ್ನ ಹಾಕಿದ.

ಕರ್ನಲ್‌ಗಿಂತ ಮೊದಲು ಕಾರ್ಟೂನು ಸರಣಿ ಇರಲೇ ಇಲ್ಲ ಅಂತಲ್ಲ. ಫ್ರಾನ್ಸಿನ ಎಮಿಲ್ ಕೋಲ್ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಕೂತು ಅದೇ ವರ್ಷ ಒಂದು ಸರಣಿ ಶುರುಮಾಡಿದ್ದ. ಆದರೆ ಅದರ ಪಾತ್ರಗಳು ಪತ್ರಿಕೆಯ ಕಾಮಿಕ್ಸ್‌ನಿಂದ ಬಂದವು. 1914ರ ಮಾರ್ಚಿನಲ್ಲಿ ಅಲ್ಲಿನ ಸ್ಟುಡಿಯೋಗೆ ಬೆಂಕಿ ಬಿದ್ದು ಅವುಗಳಲ್ಲಿ ಬಹುಪಾಲು ಬೂದಿಯಾದವು. ನಮ್ಮ ಕರ್ನಲ್ ಪತ್ರಿಕೆಯಿಂದ ಎರವಲು ಬಂದವನಲ್ಲ, ತೆರೆಗೆಂದೇ ಹುಟ್ಟಿದವನು. ಹುಟ್ಟಿ, ತಿಂಗಳು ತಿಂಗಳೂ ಹಾಜರಾಗಬೇಕಾದವನು.

ಈ ‘ಹಾಜರಾಗುವುದು’ ಇದೆಯಲ್ಲ, ಕಷ್ಟ ಶುರುವಾಗುವುದೇ ಅಲ್ಲಿ. ಸ್ವಲ್ಪ ಲೆಕ್ಕ ಹಾಕೋಣ. ಮೂಕಿ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟು, ಅಂದರೆ ಫಿಲಮ್ಮಿನ ಬಿಡಿ ಚಿತ್ರ, ಓಡುತ್ತಿದ್ದವು ಅಂತಿಟ್ಟುಕೊಳ್ಳಿ. ಒಂದು ನಿಮಿಷಕ್ಕೆ 960. ಒಂದೇ ಚಿತ್ರವನ್ನು ಎರಡೆರಡು ಸಲ ಹಿಡಿದರೂ ನಿಮಿಷಕ್ಕೆ 480 ಚಿತ್ರ ಬೇಕು. ವಿನ್ಸರ್ ಮೆಕೇ ಎಂಬ ಮಹಾನ್ ಚಿತ್ರಕಾರ 1911ರಲ್ಲಿ ತನ್ನ ಮೊದಲ ಚಿತ್ರಕ್ಕೆ 4000 ಚಿತ್ರ ಬರೆದೆನೆಂದು ಹೇಳಿಕೊಂಡ. ಅವನ ‘ಗರ್ಟಿ’ ಎಂಬ ಡೈನೋಸಾರ್ 1914ರ ಫೆಬ್ರವರಿಯಲ್ಲಿ ಶಿಕಾಗೋದ ರಂಗಮಂದಿರದಲ್ಲಿ ಕುಣಿಯಿತು. ಅದು ತಲೆ ಅಲ್ಲಾಡಿಸಿದಾಗಲೆಲ್ಲ ಹಿಂದಿನ ಬೆಟ್ಟ, ಬಂಡೆ, ಕೆರೆಯನ್ನೂ ಮೊದಲಿಂದ ಬರೆಯಬೇಕು! ಬೆಟ್ಟ ಅಲ್ಲಾಡುವುದಿಲ್ಲ, ನಿಜ, ಆದರೆ ಕಾಗದ ಬದಲಾಯಿತಲ್ಲ. ಅಷ್ಟನ್ನೂ ಸಾವಿರಾರು ಸಲ ನಕಲು ಮಾಡಲು ಮೆಕೇ ಒಬ್ಬ ಹುಡುಗನನ್ನು ಕೂರಿಸಿಕೊಂಡಿದ್ದ. ಕಲೆ ಅದ್ಭುತ. ಆದರೆ ಹೀಗೆ ಮಾಡುತ್ತ ಕೂತರೆ ತಿಂಗಳಿಗೊಂದು ಎಲ್ಲಿಂದ ಬರಬೇಕು?

ಬ್ರೇ ಮೆಕೇಯಷ್ಟು ದೊಡ್ಡ ಕಲಾವಿದನಲ್ಲ. ಅದು ಅವನಿಗೂ ಗೊತ್ತಿದ್ದಿರಬೇಕು, ಯಾಕೆಂದರೆ ಅವನು ಕೇಳಿದ ಪ್ರಶ್ನೆ ಕಲಾವಿದ ಕೇಳುವಂಥದ್ದಲ್ಲ, ಮೇಸ್ತ್ರಿ ಕೇಳುವಂಥದ್ದು: ಕೈಕೆಲಸ ಎಲ್ಲಿ ಉಳಿಸಬಹುದು? ಹಿನ್ನೆಲೆಯನ್ನು ಒಂದು ಸಲ ಬರೆದು, ಅದನ್ನೇ ನೂರಾರು ಹಾಳೆಯ ಮೇಲೆ ಅಚ್ಚು ಹಾಕಿಸಿಬಿಟ್ಟರೆ? ಆಗ ಹಾಳೆಗೆ ಹಾಳೆ ಬರೆಯಬೇಕಾದದ್ದು ಕರ್ನಲ್‌ನನ್ನು ಮಾತ್ರ. ಆದರೆ ಒಂದು ತೊಡಕು ಬಂತು. ಅಚ್ಚಾದ ಮರದ ಮೇಲೆ ಕರ್ನಲ್‌ನನ್ನು ಬರೆದರೆ ಮರದ ಗೆರೆ ಅವನ ಹೊಟ್ಟೆಯಲ್ಲಿ ಹಾದುಹೋಗುತ್ತದೆ. ಅದಕ್ಕಾಗಿ ಅವನು ಓಡಾಡುವ ಜಾಗವನ್ನು ಖಾಲಿ ಬಿಡಬೇಕು. ದಿಗಂತ ಮೇಲೆಲ್ಲೋ ಒಂದು ಗೆರೆ, ಮೂಲೆಯಲ್ಲೊಂದು ಮರ, ನಡುವೆ ಬರೀ ಬಿಳಿ ಬಯಲು. ಮೊದಲ ಕಾಲದ ಕಾರ್ಟೂನುಗಳಲ್ಲಿ ಆ ಬಿಳುಪು ಕಂಡಾಗ ಶೈಲಿ ಅಂದುಕೊಳ್ಳಬೇಡಿ, ಅದು ಕೂಲಿ ಉಳಿಸಿದ ಜಾಗ. 1914ರ ಜನವರಿಯಲ್ಲಿ ಬ್ರೇ ಇದಕ್ಕೆ ಪೇಟೆಂಟ್ ಕೇಳಿದ, ಆಗಸ್ಟಿನಲ್ಲಿ ಸಿಕ್ಕಿತು.

ಇನ್ನು ಜಗಳದ ಕಥೆ. ಮೆಕೇ ಗರ್ಟಿ ಬರೆಯುತ್ತಿದ್ದಾಗ ಬ್ರೇ ಪತ್ರಕರ್ತನ ವೇಷದಲ್ಲಿ ಅವನ ಬಳಿ ಹೋಗಿ, ಏನೇನು ಹೇಗೆ ಮಾಡುತ್ತೀರಿ ಸ್ವಾಮಿ ಅಂತ ಕೇಳಿ ತಿಳಿದುಕೊಂಡ ಎಂಬ ಮಾತು ಆನಿಮೇಷನ್ ಚರಿತ್ರೆಯಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಮೆಕೇ ಯಾವುದನ್ನೂ ಬಚ್ಚಿಡುವ ಮನುಷ್ಯನಲ್ಲ. ಇದು ಯಾರು ಬೇಕಾದರೂ ಬಳಸಲಿ ಎಂಬ ಉದಾರಿ. ಬ್ರೇ ಪೇಟೆಂಟ್ ಪಡೆದು, ಆಮೇಲೆ ಅದೇ ಮೆಕೇ ಮೇಲೆ ದಾವೆ ಹೂಡಿದ. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ದಾವೆ ಗೆದ್ದದ್ದು ಮೆಕೇ; ಮುಂದೆ ಕೆಲವು ವರ್ಷ ಬ್ರೇ ಕಡೆಯಿಂದ ಅವನಿಗೇ ರಾಯಲ್ಟಿ ಬಂತು. ತೆರೆಯ ಮೇಲಿನ ಸುಳ್ಳುಗಾರನನ್ನು ಯಾರ ಮೇಲೆ ಬರೆದದ್ದು ಅಂತ ನನಗೆ ಆಗಾಗ ಅನುಮಾನ ಬರುವುದು ಈ ಕಥೆಯಿಂದಲೇ.

ಅಷ್ಟರಲ್ಲಿ ಅರ್ಲ್ ಹರ್ಡ್ ಎಂಬವನು ಅಚ್ಚಿನ ಹಿನ್ನೆಲೆಗಿಂತ ಜಾಣತನದ ಉಪಾಯ ತಂದ. ಓಡಾಡುವ ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದು, ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲೆ ಹೊದಿಸಿದರೆ ಮುಗಿಯಿತು. ಗೆರೆ ಹೊಟ್ಟೆಯಲ್ಲಿ ಹಾಯುವುದಿಲ್ಲ, ಹಿನ್ನೆಲೆಯನ್ನು ಎಷ್ಟು ಬೇಕಾದರೂ ತುಂಬಿಸಿ ಬರೆಯಬಹುದು. ‘ಸೆಲ್’ ಎಂಬ ಮಾತು ಬಂದದ್ದು ಇಲ್ಲಿಂದ. ಹರ್ಡ್ ಪೇಟೆಂಟ್ 1915ರಲ್ಲಿ ಸಿಕ್ಕಿತು. ಬ್ರೇ ಅವನೊಡನೆ ಜಗಳಕ್ಕೆ ಇಳಿಯಲಿಲ್ಲ, ಪಾಲುದಾರನನ್ನಾಗಿ ಮಾಡಿಕೊಂಡ. ಇಬ್ಬರೂ ಸೇರಿ ಪೇಟೆಂಟುಗಳನ್ನು ಒಂದೇ ಕಂಪನಿಯ ಕೆಳಗೆ ಇಟ್ಟರು. ಬೇರೆ ಸ್ಟುಡಿಯೋಗಳು ಸೆಲ್ ಬಳಸಬೇಕಾದರೆ ಇವರಿಗೆ ಹಣ ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. 1932ರಲ್ಲಿ ಹಕ್ಕು ಮುಗಿಯುವವರೆಗೂ ಈ ಸುಂಕದಕಟ್ಟೆ ಇತ್ತು.

ಬ್ರೇಯ ಕೆಲಸದ ಮನೆಯ ಏರ್ಪಾಡೂ ಅಷ್ಟೇ ಅಚ್ಚುಕಟ್ಟು. ಒಂದು ಕಾರ್ಟೂನಿಗೆ ಒಂದು ತಿಂಗಳು ಬೇಕು. ನಾಲ್ಕು ತಂಡ ಕಟ್ಟಿ, ಒಬ್ಬರ ಹಿಂದೆ ಒಬ್ಬರು ವಾರ ಬಿಟ್ಟು ಶುರುಮಾಡಿದರೆ ವಾರಕ್ಕೊಂದು ಚಿತ್ರ ಹೊರಬೀಳುತ್ತದೆ. ನಾಟಿ ಮಾಡುವಾಗ ಒಂದೊಂದು ಗದ್ದೆಗೆ ಸರದಿ ಮೇಲೆ ನೀರು ಬಿಡುವ ಹಾಗೆ. ಅಲ್ಲಿಗೆ ಕೆಲಸಕ್ಕೆ ಬಂದವರು ಯಾರು ಗೊತ್ತೇ? ಮ್ಯಾಕ್ಸ್ ಫ್ಲೈಷರ್. ಮುಂದೆ ಪೋಪಾಯ್ ಎಂಬ ಪಾಲಕ್ ತಿಂದು ಬಲ ಬರಿಸಿಕೊಳ್ಳುವ ನಾವಿಕನನ್ನು ತೆರೆಗೆ ತಂದವನು. ಪಾಲ್ ಟೆರ್ರಿ. ಮೈಟಿ ಮೌಸ್ ಅವನ ಸ್ಟುಡಿಯೋದ್ದು. ವಾಲ್ಟರ್ ಲ್ಯಾಂಟ್ಜ್. 1940ರಲ್ಲಿ ವುಡಿ ವುಡ್‌ಪೆಕರ್ ಎಂಬ ಆ ಕಿರುಚುವ ಮರಕುಟಿಗವನ್ನು ಹುಟ್ಟಿಸಿದವನು. ನಮ್ಮಲ್ಲಿ ಟಿವಿ ಮುಂದೆ ಕೂತು ಪಾಲಕ್ ತಿನ್ನದೆ ಪೋಪಾಯ್ ನೋಡಿದ ಮಕ್ಕಳಿಗೆಲ್ಲ ಈ ಮನೆಯ ಋಣ ಸ್ವಲ್ಪ ಇದೆ.

ಇಷ್ಟಾದರೂ ಕರ್ನಲ್ ಯಾಕೆ ಮರೆತುಹೋದ? ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಅವನು ಮರೆಯುವಂಥವನೇ. ಬೇಸ್‌ಬಾಲ್ ಆಡಿದ, ದೆವ್ವ ಹಿಡಿದ, ಕಡಲ್ಗಳ್ಳರ ಜೊತೆ ಹೊಡೆದಾಡಿದ. ಆದರೆ ಹಾಸ್ಯವೆಲ್ಲ ಇದ್ದದ್ದು ಅವನ ಬಡಾಯಿಯಲ್ಲಿ, ಮೈಯಲ್ಲಿ ಅಲ್ಲ. 1919ರಲ್ಲಿ ಫೆಲಿಕ್ಸ್ ಬೆಕ್ಕು ಬಂದಾಗ ಅದು ಬಾಲ ಕಿತ್ತು ಪ್ರಶ್ನಾರ್ಥಕ ಚಿಹ್ನೆ ಮಾಡಿಕೊಳ್ಳಬಲ್ಲದಾಗಿತ್ತು, ಕೈ ಹಿಂದೆ ಕಟ್ಟಿಕೊಂಡು ಅತ್ತಿತ್ತ ನಡೆದರೆ ಯೋಚನೆ ಕಾಣುತ್ತಿತ್ತು. ಕರ್ನಲ್‌ನ ಜಾಗದಲ್ಲಿ ಇನ್ನೊಬ್ಬ ಮುದುಕನನ್ನು ನಿಲ್ಲಿಸಿದರೂ ಕಥೆ ನಡೆಯುತ್ತದೆ. ಮೇಲಾಗಿ ರೂಸ್‌ವೆಲ್ಟರು 1919ರ ಜನವರಿಯಲ್ಲಿ ತೀರಿಕೊಂಡರು. ಗೇಲಿಗೆ ಗುರಿಯೇ ಇಲ್ಲವಾಯಿತು. 1917ಕ್ಕೆ ನಿಂತಿದ್ದ ಸರಣಿಯನ್ನು 1922ರಲ್ಲಿ ಮತ್ತೆ ಎಬ್ಬಿಸಿದರು, ನಿಜವಾದ ಮನುಷ್ಯರ ನಡುವೆ ಬರೆದ ಕರ್ನಲ್‌ನನ್ನು ಓಡಾಡಿಸಿದರು. 1924ಕ್ಕೆ ಪೂರ್ತಿ ನಿಂತಿತು.

ಬ್ರೇ ಮಾತ್ರ ಬದುಕಿದ. ಕಾರ್ಟೂನು ಬಿಟ್ಟು ಶಿಕ್ಷಣದ ಚಿತ್ರಗಳನ್ನು ಮಾಡುತ್ತ ಬದುಕಿದ. 1978ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ವಯಸ್ಸು 99. ಮರುತಿಂಗಳು, ಹೆಸರಾಂತ ತಾರೆಯರಿಗೆ ಗೌರವವಾಗಿ ನಕ್ಷತ್ರ ಹಾಕುವ ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ಮಿಕ್ಕಿ ಮೌಸ್ ಎಂಬ ಕಾರ್ಟೂನು ಇಲಿಯ ಹೆಸರಿನ ನಕ್ಷತ್ರ ಕೂರಿಸಿದರು.

ಸರಿ, ಈಗ ಪರದೆ ಮೇಲೆ ಕರ್ನಲ್‌ನ ಒಂದು ತುಣುಕು ತೋರಿಸುತ್ತೇನೆ, ದೀಪ ಆರಿಸಿ. ಅವನನ್ನು ನೋಡುತ್ತ ಕೂರಬೇಡಿ. ಮರ ಎಲ್ಲಿ ನಿಲ್ಲುತ್ತದೆ, ಬಿಳಿ ಎಲ್ಲಿಂದ ಶುರುವಾಗುತ್ತದೆ, ಅದರ ಮೇಲೆ ಕಣ್ಣಿಡಿ.