ಸೊಳ್ಳೆಯ ಕರುಳಿನಲ್ಲಿ ಮೈಕ್ರೊ ಆರ್‌ಎನ್‌ಎ

ಶ್ರೋತೃಗಳಿಗೆ ನಮಸ್ಕಾರ.

ಕಲಬುರಗಿ, ಬೀದರ, ಯಾದಗಿರಿಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ನಡುವಿನ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯನ್ನು ಸೀಳಿ, ಅಲ್ಲಿ ಬೆಳೆಯುತ್ತಿದ್ದ ಮಲೇರಿಯಾ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಇಂದು ವಿಜ್ಞಾನಿಗಳು ಮತ್ತೆ ಆ ಕರುಳನ್ನೇ ನೋಡುತ್ತಿದ್ದಾರೆ. ಆದರೆ ಈ ಸಲ ಹುಡುಕುತ್ತಿರುವುದು ರೋಗಾಣುವನ್ನಲ್ಲ, ಸೊಳ್ಳೆಯದೇ ಆದ ಮೈಕ್ರೊ ಆರ್‌ಎನ್‌ಎಗಳನ್ನು.

ಜೀವಕೋಶದಲ್ಲಿ ಪ್ರೋಟೀನು ತಯಾರಾಗುವುದು ಜೀನಿನಿಂದ ಹೊರಟ ಸಂದೇಶವಾಹಕ ಆರ್‌ಎನ್‌ಎಯ ಆದೇಶದಂತೆ. ಸುಮಾರು 22 ಅಕ್ಷರಗಳಷ್ಟೇ, ಅಂದರೆ 22 ರಾಸಾಯನಿಕ ಘಟಕಗಳಷ್ಟೇ, ಉದ್ದವಿರುವ ಮೈಕ್ರೊ ಆರ್‌ಎನ್‌ಎ ಆ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಮೊದಲು ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಬಂದಿತು. ಅವರ ಪ್ರಬಂಧಗಳು ಪ್ರಕಟವಾದದ್ದು 1993ರಲ್ಲಿ. ಇದು ಆ ಹುಳುವಿಗಷ್ಟೇ ಸೇರಿದ ವಿಚಿತ್ರವೆಂದು ಹಲವು ವರ್ಷ ಯಾರೂ ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಕಚ್ಚುವುದು ಹೆಣ್ಣು ಮಾತ್ರ; ಮೊಟ್ಟೆ ಕಟ್ಟಲು ಅದಕ್ಕೆ ರಕ್ತದ ಪ್ರೋಟೀನು ಬೇಕು. ಕುಡಿದ ರಕ್ತ ಅರಗಬೇಕು, ಅದರ ನೀರಿನಂಶ ಹೊರಹೋಗಬೇಕು, ಅನಂತರ ಅಂಡಾಶಯ ಬಲಿಯಬೇಕು. 2010ರಲ್ಲಿ ಅಮೆರಿಕದ ಸಂಶೋಧಕರು ಮಿಆರ್-275 ಎಂಬ ಮೈಕ್ರೊ ಆರ್‌ಎನ್‌ಎಯನ್ನು ಈ ಸೊಳ್ಳೆಯಲ್ಲಿ ತಡೆದು ನೋಡಿದಾಗ, ರಕ್ತ ಸರಿಯಾಗಿ ಅರಗಲಿಲ್ಲ, ಮೊಟ್ಟೆಗಳೂ ಬಲಿಯಲಿಲ್ಲ. ನನಗೆ ಇದಕ್ಕಿಂತ ಹೆಚ್ಚು ಮಹತ್ವದ್ದೆನಿಸುವುದು ಮಿಆರ್-1174. ಅದನ್ನು ತಡೆದಾಗ ಸೊಳ್ಳೆ ರಕ್ತ ಹೀರುವುದು ಕುಂದುತ್ತದೆ, ಕರುಳು ಸಕ್ಕರೆಯನ್ನು ಹೀರಿಕೊಳ್ಳುವುದೂ ಕೆಡುತ್ತದೆ. ಆದರೆ ಇದು ಸೊಳ್ಳೆಗಳಲ್ಲಿ ಮಾತ್ರ ಕಂಡುಬಂದಿರುವಂಥದ್ದು. ಸಿಂಪಡಿಸಿದ ಕೀಟನಾಶಕಕ್ಕೆ ಸೊಳ್ಳೆಯೂ ಒಂದೇ, ತೊಗರಿ ಹೂವಿಗೆ ಬರುವ ಜೇನುನೊಣವೂ ಒಂದೇ. ಸೊಳ್ಳೆಯೊಂದಕ್ಕೇ ಸೇರಿದ ಗುರಿ ಸಿಕ್ಕುವುದು ಆದ್ದರಿಂದಲೇ ದೊಡ್ಡ ಮಾತು.

ಆದರೆ ಈ ಪ್ರಯೋಗಗಳಲ್ಲಿ ತಡೆಯುವ ವಸ್ತುವನ್ನು ಒಂದೊಂದೇ ಸೊಳ್ಳೆಗೆ ಅತಿಸೂಕ್ಷ್ಮ ಸೂಜಿಯಿಂದ ಚುಚ್ಚಿ ಕೊಡಲಾಗಿತ್ತು. ಊರಿನ ಸೊಳ್ಳೆಗಳಿಗೆಲ್ಲ ಸೂಜಿ ಚುಚ್ಚುವವರು ಯಾರು? ಹೀಗಾಗಿ ಕಷ್ಟವಿರುವುದು ಜೀನಿನ ಗುಟ್ಟು ತಿಳಿಯುವುದರಲ್ಲಿ ಮಾತ್ರವಲ್ಲ, ಮದ್ದನ್ನು ಸೊಳ್ಳೆಗೆ ತಲುಪಿಸುವುದರಲ್ಲಿಯೂ ಇದೆ. ಸೊಳ್ಳೆಯ ಜೀನುಗಳನ್ನೇ ಮಾರ್ಪಡಿಸುವುದು ಒಂದು ದಾರಿ. ಇನ್ನೊಂದು, ಜೀನನ್ನು ಸುಮ್ಮನಾಗಿಸುವ ಆರ್‌ಎನ್‌ಎಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಬೆಳೆಸಿ ಸೊಳ್ಳೆಯ ಮರಿಹುಳುಗಳಿಗೆ ತಿನ್ನಿಸುವುದು. ಇದು ಪ್ರಯೋಗಾಲಯಗಳಲ್ಲಿ ಫಲ ಕೊಟ್ಟಿದೆ.

ನಲ್ಲಿ ನೀರು ದಿನವೂ ಬಾರದ ನಮ್ಮ ಓಣಿಗಳಲ್ಲಿ ಈ ಮರಿಹುಳುಗಳು ಬೆಳೆಯುವುದು ಡ್ರಮ್ಮು, ಹರವಿ, ಸಿಮೆಂಟಿನ ತೊಟ್ಟಿಗಳಲ್ಲಿ ನಾವು ತುಂಬಿಟ್ಟ ನೀರಿನಲ್ಲಿಯೇ, ಅಂದರೆ ನಾವು ಬಳಸುವ, ಎಷ್ಟೋ ಮನೆಗಳಲ್ಲಿ ಕುಡಿಯುವ ನೀರಿನಲ್ಲಿ. ಆದ್ದರಿಂದ ಅಂಥ ಯಾವುದೇ ಮದ್ದು ಸೊಳ್ಳೆಯನ್ನು ಕೆಡಿಸಿದರೆ ಸಾಲದು. ಮನೆಯ ಮಗು ಆ ನೀರನ್ನೇ ಕುಡಿದರೂ ತೊಂದರೆಯಿಲ್ಲವೆಂದು ಪರೀಕ್ಷೆಯಲ್ಲಿ ಸಿದ್ಧವಾಗಬೇಕು. ಈಡಿಸ್ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುವುದರಿಂದ, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡುವಾಗ ಗೋಡೆಯನ್ನು ಒರಟಾದ ಬ್ರಷ್ಷಿನಿಂದ ಉಜ್ಜಿ ತೊಳೆದು, ಮುಚ್ಚಳವನ್ನು ಬಿಗಿಯಾಗಿ ಹಾಕಬೇಕಾಗುತ್ತದೆ.

ನಮಸ್ಕಾರ.